ಹಾಲು ಹಿಂಡುವ ಸೀರೆ

ಆ ಮನೆಯಲ್ಲಿ ಒಲೆ ಅತ್ತೆ ಸಾಬಮ್ಮನದು, ಹೊಲ ಗಂಡ ಶಿವರಾಯನದು. ಲಕ್ಷ್ಮಿಯದು ಎಂದು ಇದ್ದದ್ದು ಎಮ್ಮೆ ಚಂದ್ರಿ ಒಂದೇ. ಚಿಂಚೋಳಿ ಕಡೆಯ ತವರಿನಿಂದ ಅವಳ ಹಿಂದೆಯೇ ಬಂದ ಎಮ್ಮೆ ಅದು. ಈ ಸಲ ಈದ ಕೆಲವೇ ದಿನಕ್ಕೆ ಕರು ಸತ್ತಿತು. ಕರು ಬಾಯಿ ಹಾಕದಿದ್ದರೆ ಎಷ್ಟೋ ಎಮ್ಮೆಗಳು ಹಾಲಿಳಿಸುವುದಿಲ್ಲ. ಚಂದ್ರಿ ಇಳಿಸುತ್ತಿತ್ತು, ಲಕ್ಷ್ಮಿಗೆ ಮಾತ್ರ. ಕೊಟ್ಟಿಗೆಯ ಗೂಟಕ್ಕೆ ಹಾಕಿದ ಹಳೆಯ ಹಸಿರು ಸೀರೆ ಉಟ್ಟು, ಸಣ್ಣಗೆ ಒಂದು ಪದ ಗುನುಗುತ್ತ ಅವಳು ಕುಳಿತರೆ ಕೆಚ್ಚಲು ತುಂಬಿ ಬರುತ್ತಿತ್ತು. ಆ ಸೀರೆಗೆ ಸಾಬೂನು ಸೋಕಿಸುವಂತಿರಲಿಲ್ಲ, ಬರೀ ನೀರಲ್ಲಿ ಜಾಲಿಸಿ ಒಣಹಾಕಬೇಕು. ಸೆಗಣಿ, ಹಿಂಡಿ, ಬೆವರು ಕಲೆತ ಆ ವಾಸನೆಯೇ ಚಂದ್ರಿಗೆ ಗುರುತು.

ಸಾಬಮ್ಮನ ಬೆರಳು ಮಡಚುತ್ತಿರಲಿಲ್ಲ. ಶಿವರಾಯ ಹತ್ತಿರ ಹೋದರೆ ಎಮ್ಮೆ ಹಗ್ಗ ಹರಿಯುತ್ತಿತ್ತು. ಹೀಗಾಗಿ ಕರು ಸತ್ತಂದಿನಿಂದ ಲಕ್ಷ್ಮಿ ತವರಿನಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ. ಅದಕ್ಕೆ ಗೊಣಗುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಲೂ ಇದ್ದಳು.

ಬೇಸಿಗೆ ರಜೆಯಲ್ಲಿ ಸುಲೇಪೇಟದಿಂದ ಆಟೋ ಹತ್ತಿ ಮೈತ್ರಿ ಬಂದಳು. ಚಿತ್ತಾಪುರದ ಹುಡುಗಿ, ಬಿ.ಎಸ್ಸಿ. ವಿದ್ಯಾರ್ಥಿನಿ. ಊರ ಮಕ್ಕಳಿಗೆ ಗಣಿತ ಹೇಳಿಕೊಡುವ ಸ್ವಯಂಸೇವಕಿಯಾಗಿ ಇವರ ಮನೆಯಲ್ಲೇ ಉಳಿದಳು. ಮೊದಲ ವಾರವೇ ಸಾಬಮ್ಮನ ಪಕ್ಕ ಕುಳಿತು ರೊಟ್ಟಿ ಬಡಿದಳು. ಅದು ಉಬ್ಬಿತು.

"ನೋಡ, ನೋಡ! ಹಂಚಿನ ಮ್ಯಾಲ ಹ್ಯಾಂಗ ಉಬ್ಬಿ ಕುಂತದ!" ಎಂದು ಸಾಬಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದಳು.

ತನ್ನ ರೊಟ್ಟಿಗೆ ಅತ್ತೆ ಒಂದು ಒಳ್ಳೆಯ ಮಾತು ಹೇಳಿದ್ದು ಲಕ್ಷ್ಮಿಗೆ ನೆನಪಿರಲಿಲ್ಲ. ಮೊಸರಿನ ಮೇಲಿನ ಕೆನೆ ಹುಡುಗಿಯ ತಟ್ಟೆಗೆ ಬೀಳತೊಡಗಿತು. ಹೊಲದಿಂದ ಬಂದ ಶಿವರಾಯನೂ ಮೊದಲು "ತಂಗಿ ಉಂಡಳೇನು?" ಎನ್ನುತ್ತಿದ್ದ. ಲಕ್ಷ್ಮಿ ಎಲ್ಲವನ್ನೂ ನುಂಗಿಕೊಂಡಳು. ಚಂದ್ರಿಯಂತೂ ತನ್ನದೇ ತಾನೆ?

ಅಷ್ಟರಲ್ಲಿ ತವರಿನಿಂದ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು.

"ಹೋಗಿ ಬಾ, ನಾಕ ದಿನ ಉಳಿ," ಎಂದಳು ಸಾಬಮ್ಮ. "ನಿನ್ನ ಸೀರಿ ಉಟ್ಟು ಮೈತ್ರಿ ಹಿಂಡ್ತಾಳ."

"ಅದು ಒದಿತದ ಅತ್ತಿ."

"ವೈನಿ, ಒಮ್ಮಿ ನೋಡ್ತೀನ್ರಿ," ಎಂದಳು ಮೈತ್ರಿ.

ಅಂದು ಸಂಜೆ ಹುಡುಗಿ ಹಸಿರು ಸೀರೆ ಸುತ್ತಿಕೊಂಡು ಕೂತಳು. ಬಾಗಿಲಲ್ಲಿ ನಿಂತ ಲಕ್ಷ್ಮಿ, ಒದಿ, ಒದಿ ಎಂದು ಮನಸ್ಸಿನಲ್ಲೇ ಎಮ್ಮೆಗೆ ಹೇಳಿದಳು. ಚಂದ್ರಿ ತಿರುಗಿ ಸೀರೆಯನ್ನು ಮೂಸಿತು. ಆಮೇಲೆ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕತೊಡಗಿತು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿದ್ದೇ ಲಕ್ಷ್ಮಿ ಬಾಗಿಲು ಬಿಟ್ಟು ಹೊರಟಳು.

"ಎಮ್ಮಿ ಭಿ ಓದಿದವ್ರನ್ನ ಗುರ್ತಾ ಹಿಡಿತದ," ಎಂದು ಶಿವರಾಯ ನಕ್ಕ.

ಮರುದಿನ ಹೊರಡುವ ಮೊದಲು ಲಕ್ಷ್ಮಿ ಹಸಿರು ಸೀರೆಯನ್ನು ಕಲ್ಲಿಗೆ ಹಾಕಿ, ಮಲ್ಲಿಗೆ ವಾಸನೆಯ ಸಾಬೂನು ಹಚ್ಚಿ, ನೊರೆ ಬರುವಷ್ಟು ತಿಕ್ಕಿದಳು. ಬಿಸಿಲಿಗೆ ಒಣಗಿಸಿ, ಅದೇ ಗೂಟಕ್ಕೆ ಹಾಕಿ ಬಸ್ಸು ಹತ್ತಿದಳು.

ತವರಿನಲ್ಲಿ ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಫೋನು ಬಂತು.

"ಚಂದ್ರಿ ಹಾಲು ಕೊಡವಲ್ದು ಲಕ್ಷ್ಮಿ. ಸೀರಿ ಮೂಸಿ ಹಿಂದಕ್ಕ ಸರಿತು. ಆ ಹುಡುಗಿಗಿ ಒದ್ದದ."

"ಮುಂಜಾನಿ ಮೊದಲ ಬಸ್ಸಿಗೆ ಬರ್ತೀನಿ ಅತ್ತಿ," ಎಂದಳು ಲಕ್ಷ್ಮಿ. ಎಲೆಯ ಮೇಲಿನ ಹೋಳಿಗೆ ಇನ್ನಷ್ಟು ಸಿಹಿಯಾಯಿತು. "ನಾಳಿ ಒಂದಿನರ ಉಳಿಯೇ," ಎಂದು ತಾಯಿ ಮೊಮ್ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದಾಗಲೂ ಅವಳು ನೆನೆಯುತ್ತಿದ್ದುದು ಆ ಒದೆಯನ್ನೇ.

ಊರಿಗೆ ಬಂದವಳೇ ಕೊಟ್ಟಿಗೆಗೆ ನುಗ್ಗಿದಳು. ಕೆಚ್ಚಲು ಕಲ್ಲಿನಂತಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಮೈತ್ರಿ ಬಿಸಿನೀರಲ್ಲಿ ಬಟ್ಟೆ ಅದ್ದಿ ಅದಕ್ಕೆ ಶಾಖ ಕೊಡುತ್ತಿದ್ದಳು. ಅವಳ ಮೊಣಕಾಲ ಕೆಳಗೆ ಗೊರಸಿನ ಗುರುತು ನೀಲಿಗಟ್ಟಿತ್ತು.

"ನಂದೇ ತಪ್ಪಿರಬೇಕು ವೈನಿ. ಸೀರಿ ಸರಿ ಉಟ್ಟಿಲ್ಲೇನೋ."

ಲಕ್ಷ್ಮಿ ಕೂತು ಗುನುಗಿದಳು. ಚಂದ್ರಿ ಹಾಲಿಳಿಸಿತು, ಆದರೆ ಪ್ರತಿ ಸಲ ಹಿಂಡಿದಾಗಲೂ ನೋವಿಗೆ ನರಳಿತು. ತನಗೆ ಮಾತ್ರ ಹಾಲು ಕೊಡುವ ಎಮ್ಮೆಯನ್ನು ತಾನೇ ಹೀಗೆ ಮಾಡಿದ್ದು. ಲಕ್ಷ್ಮಿಯ ಪದ ಅರ್ಧಕ್ಕೇ ನಿಂತಿತು.

ಸಾಬಮ್ಮ ಗೂಟದ ಸೀರೆಯನ್ನು ಮೂಗಿಗೆ ಹಿಡಿದಳು. "ಭಾಳ ಘಮಘಮ ಅನ್ನಾಕತ್ತದಲ್ಲ. ಚಂದ್ರಿದು ಮದಿವಿ ಇಟ್ಟೀಯೇನು?"

ಮೈತ್ರಿ ಸೀರೆಯನ್ನೂ ಲಕ್ಷ್ಮಿಯನ್ನೂ ನೋಡಿ ಮತ್ತೆ ಬಟ್ಟೆ ಅದ್ದಿದಳು. ಅವಳು ಬೈದಿದ್ದರೆ ಲಕ್ಷ್ಮಿಗೆ ಹಗುರವಾಗುತ್ತಿತ್ತು.

ಕೆಚ್ಚಲು ಮೆತ್ತಗಾಗುವವರೆಗೆ ಇಬ್ಬರೂ ಸರದಿಯಲ್ಲಿ ಶಾಖ ಕೊಟ್ಟರು. ಅಷ್ಟೂ ದಿನ ಲಕ್ಷ್ಮಿ ಬೇರೊಂದು ಹಳೆಯ ಸೀರೆಯನ್ನೇ ಉಟ್ಟು ಹಿಂಡಿದಳು, ಚಂದ್ರಿಯ ಗುರುತಿನ ವಾಸನೆ ಅದಕ್ಕೂ ಹತ್ತಿತು. ಒಂದು ಸಂಜೆ ಅದನ್ನು ಬಿಚ್ಚಿ ಮೈತ್ರಿಗೆ ಕೊಟ್ಟಳು.

"ಇದನ್ನ ಉಡು. ಸಾಬೂನ ಹಚ್ಚಬ್ಯಾಡ. ಹೆಬ್ಬೆರಳು ಒಳಗ ಮಡಚಬ್ಯಾಡ, ಅದಕ್ಕ ನೋಯ್ತದ."

ಚಂದ್ರಿ ಮೂಸಿತು. ಚೊಂಬಿಗೆ ಹಾಲು ಬಿತ್ತು. ಆ ಸದ್ದು ಲಕ್ಷ್ಮಿಗೆ ಈಗಲೂ ಹಿಡಿಸಲಿಲ್ಲ. ಈ ಸಲ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

"ಬರೋ ಐತವಾರ ತವರಿಗಿ ಹೋಗ್ತೀನಿ. ಎರಡು ದಿನ ಅಲ್ಲೇ ಉಳೀತೀನಿ," ಎಂದಳು.

"ಹೋಗಿ ಬರ್ರಿ ವೈನಿ. ಆ ಪದಾನೂ ಕಲಿಸಿ ಹೋಗ್ರಿ."

"ಸೀರಿ ಕೊಟ್ಟೀನಿ, ಸಾಕು," ಎಂದಳು ಲಕ್ಷ್ಮಿ. "ಪದ ಕಲಿಸಂಗಿಲ್ಲ."