ಮುಂದಿನ ಗಾಲಿಯ ಗೀರು

ನಮ್ಮ ಮನೆಯಲ್ಲಿ ಗುರುತು ಹಾಕದ ವಸ್ತುವೇ ಇರಲಿಲ್ಲ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರದ ಮನೆತನ ನಮ್ಮದು. ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ನಾವು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಚೀಲದ ತಳಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ, ಒಳಗಿನದನ್ನು ಅಂಗೈಗೆ ಸುರಿದುಕೊಂಡು ನೋಡಿದ ಮೇಲೆಯೇ ಮಾತು. ಈ ಚಾಳಿ ಅಡುಗೆಮನೆಯವರೆಗೂ ಬಂದಿತ್ತು. ಛತ್ರಿಯ ಹಿಡಿ, ಎಣ್ಣೆ ಡಬ್ಬ, ಮದುವೆಗಳಿಗೆ ಎರವಲು ಹೋಗುವ ಹಂಡೆ, ಎಲ್ಲದಕ್ಕೂ ಅಪ್ಪ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಗೀರು ಎಳೆದಿರುತ್ತಿದ್ದರು. "ಕೇಳಾಕೆ ಹೋಗಬ್ಯಾಡ. ಸುಮ್ನೆ ನೋಡ್ತಿರು, ಅದಲುಬದಲು ಮಾಡಿದೋನು ತಾನೇ ಸಿಕ್ಕಿಬೀಳ್ತಾನೆ" ಎನ್ನುತ್ತಿದ್ದರು. ಅವರ ಪಾಠವನ್ನು ನನ್ನಷ್ಟು ಚೆನ್ನಾಗಿ ಕಲಿತವರು ಮನೆಯಲ್ಲಿ ಇನ್ನೊಬ್ಬರಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಾರಕ್ಕೆರಡು ದಿನ ಮೊಳಕಾಲ್ಮುರು ಕಡೆಗೆ ಮಾಲು ನೋಡಲು ಹೋಗುತ್ತಿದ್ದೆ. ಅಲ್ಲಿಯ ಹಳ್ಳಿಗಳನ್ನು ಸುತ್ತಲು ಒಂದು ಸೈಕಲ್ಲು ಇಟ್ಟುಕೊಂಡಿದ್ದೆ. ಉಳಿದ ಐದು ದಿನ ಅದು ನನ್ನದೇ ವಯಸ್ಸಿನ ಮೆಕ್ಯಾನಿಕ್ ಒಬ್ಬನ ಸೈಕಲ್ ಶಾಪಿನಲ್ಲಿ ನಿಂತಿರುತ್ತಿತ್ತು. ಅವನು ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ತೆಲುಗು, ನನ್ನ ಜೊತೆ ಕನ್ನಡ ಮಾತಾಡುತ್ತಿದ್ದ, ಮೂರನ್ನೂ ಒಂದೇ ವೇಗದಲ್ಲಿ. ಅಂಗಡಿ ಮುಂದೆ ಕಲ್ಲಿನ ಮೇಲೆ ಕೂತು ಅವನೊಂದಿಗೆ ಹರಟುವಾಗ ಮಾತ್ರ ನಾನು ಮಾತನ್ನು ತೂಗಿ ಆಡುತ್ತಿರಲಿಲ್ಲ. ಅಂಥ ಗೆಳೆಯ ನನಗೆ ಬೇರೆ ಯಾರೂ ಇರಲಿಲ್ಲ.

ಆದರೂ ಸೈಕಲ್ಲು ನನ್ನ ಕಣ್ಮರೆಯಲ್ಲಿ ಐದು ದಿನ ಅಂದರೆ ಐದು ದಿನವೇ. ಒಮ್ಮೆ ಸೈಕಲ್ಲನ್ನು ಚಳ್ಳಕೆರೆಗೆ ತಂದು ಮುಂದಿನ ಗಾಲಿಗೆ ಹೊಸ ಹಬ್ ಹಾಕಿಸಿದೆ. ಗಾಲಿಯ ನಡುವೆ, ಕಡ್ಡಿಗಳೆಲ್ಲ ಬಂದು ಸೇರುವ ಆ ಹಬ್ಬಿನ ಅಂಚಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕೂದಲೆಳೆಯಷ್ಟು ಸಣ್ಣ ಗೀರು ಎಳೆದೆ. ವಾಪಸ್ ಕೊಂಡೊಯ್ದಾಗ, "ಇದು ಹೊಸದು, ಮುಂದಿನ ಗಾಲಿ ನೀ ಮುಟ್ಟಬ್ಯಾಡ" ಎಂದೆ. ಅವನು "ಆಯ್ತು ಬಿಡಪ್ಪ" ಎಂದು ನಕ್ಕ.

ದ್ವೀಪದ ಹುಚ್ಚು ಹತ್ತಿಸಿದವನೂ ಅವನೇ. ಸಾಗರ ಪಟ್ಟಣದ ಆಚೆ ಶರಾವತಿ ಹಿನ್ನೀರು ಸುತ್ತುವರಿದ ಊರುಗಳಿವೆ, ಅಲ್ಲಿಗೆ ಲಾಂಚಿನಲ್ಲೇ ಹೋಗಬೇಕು ಎಂದು ಯಾರೋ ಲಾರಿಯವರು ಹೇಳಿದ್ದರು. "ನೀರಿನ ಮ್ಯಾಲೆ ಸೈಕಲ್ಲು ಹೋಗ್ತೈತಂತೆ ಲೇ! ಬಸ್ಸೂ ಹೋಗ್ತೈತಂತೆ!" ಕೆರೆ ತುಂಬಿದರೆ ಜನ ನೋಡಲು ಹೋಗುವ ಊರಿನವರು ನಾವು. ನಮ್ಮಿಬ್ಬರ ಸೈಕಲ್ಲುಗಳ ಮುಂದಿನ ಗಾಲಿ ಬಿಚ್ಚಿ ಬಸ್ಸಿನ ಟಾಪಿಗೆ ಕಟ್ಟಿಸಿ ಹೊರಟೆವು. ಸಾಗರದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಲಾಂಚು ಹೊರಡುವ ದಡ ಸೇರಿದೆವು.

ನಾನು ಲಾಂಚಿನ ಸಮಯ ಕೇಳಿಕೊಂಡು, ಬನ್ನು ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅವನು ಎರಡೂ ಸೈಕಲ್ಲಿಗೆ ಗಾಲಿ ಕೂಡಿಸಿ ಮುಗಿಸಿದ್ದ. ಜೀಪು, ಬಸ್ಸು, ಹಾಲಿನ ಕ್ಯಾನುಗಳ ನಡುವೆ ನಮ್ಮ ಸೈಕಲ್ಲುಗಳೂ ಹತ್ತಿದವು. ನಮ್ಮ ವರವು ಕಾವಲಿನ ಹುಲ್ಲುಗಾವಲಿನಷ್ಟು ಅಗಲಕ್ಕೆ ನೀರು ಬಿದ್ದುಕೊಂಡಿತ್ತು. ಅವನು ಕಂಬಿ ಹಿಡಿದು ಬಾಯಿ ಬಿಟ್ಟು ನೋಡುತ್ತಿದ್ದ. ನಾನು ಅಭ್ಯಾಸಬಲದಿಂದ ಬಗ್ಗಿ ಹಬ್ಬಿನ ಅಂಚಿನಲ್ಲಿ ಬೆರಳಾಡಿಸಿದೆ. ಗೀರು ಇರಲಿಲ್ಲ. ಅವನ ಸೈಕಲ್ಲಿನ ಹಬ್ ಮುಟ್ಟಿ ನೋಡಿದೆ. ಅಲ್ಲಿತ್ತು.

ಅಂದರೆ ನನ್ನ ಹೊಸ ಹಬ್ ಅವನಿಗೆ, ಅವನ ಹಳೆಯದು ನನಗೆ. ಎರಡೂ ಗಾಲಿ ಕಪ್ಪು, ಎರಡಕ್ಕೂ ಒಂದೇ ಧೂಳು. ಗೀರಿಲ್ಲದಿದ್ದರೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಹಬ್ ಹೋದರೆ ಹಾಳಾಗಿ ಹೋಗಲಿ, ಇವನೂ ಹೀಗೆಯೇ ಅನ್ನುವುದಾದರೆ ಇನ್ನು ನಾನು ಯಾರ ಅಂಗಡಿ ಮುಂದೆ ಕೂರಲಿ? ಕೇಳಾಕೆ ಹೋಗಬ್ಯಾಡ ಎಂಬ ಅಪ್ಪನ ಮಾತು ನೆನಪಾಯಿತು. ನೋಡುತ್ತಲೇ ಇರೋಣ ಅಂದುಕೊಂಡೆ.

ನೋಡಲು ಹೊರಟವನಿಗೆ ಕಾಣುವುದಕ್ಕೆ ಏನು ಕಡಿಮೆ? ಏರಿನಲ್ಲಿ ಹಾಡು ಹೇಳುತ್ತ ತುಳಿಯುತ್ತಿದ್ದವನು ಇಳಿಜಾರು ಬಂದ ಕೂಡಲೇ ಇಳಿದು ತಳ್ಳುತ್ತಿದ್ದ. ಹೊಸ ಹಬ್ ಸವೆಯದಂತೆ ಊರಿಗೆ ಒಯ್ಯುವ ಆಸೆ ಇರಬೇಕು ಎಂದುಕೊಂಡೆ. ಚಹಾದಂಗಡಿಯಲ್ಲಿ ತನ್ನ ಸೈಕಲ್ಲನ್ನು ನನ್ನಿಂದ ದೂರ, ಬೇಲಿಯ ಹತ್ತಿರ ನಿಲ್ಲಿಸಿದ. ಮುಚ್ಚಿಡುತ್ತಿದ್ದಾನೆ. ನನ್ನ ಮುಂದಿನ ಗಾಲಿಯನ್ನೇ ದಿಟ್ಟಿಸಿ, "ಹೆಂಗೈತೆ? ಸಲೀಸಾಗಿ ಹೋಗ್ತೈತಾ?" ಎಂದು ಮೂರು ಸಲ ಕೇಳಿದ. ಕಳ್ಳನ ಮನಸ್ಸು ಹುಳ್ಳಗೆ ಎಂದು ಒಳಗೊಳಗೇ ನಕ್ಕೆ. ದ್ವೀಪದಲ್ಲಿ ಏನೇನಿತ್ತು ಎಂದು ಇವತ್ತು ಯಾರಾದರೂ ಕೇಳಿದರೆ ನನಗೆ ಹೇಳಲು ಬಾರದು. ನಾನು ಆ ದಿನವೆಲ್ಲ ನೋಡಿದ್ದು ಒಂದು ಗಾಲಿಯನ್ನು.

ಸಂಜೆ ಕೊನೆಯ ಲಾಂಚಿಗೆ ಮರಳುವಾಗ ದಡದವರೆಗೂ ಒಂದು ಉದ್ದ ಇಳಿಜಾರು. ಕೆಳಗೆ ಲಾಂಚು ಹಾರ್ನ್ ಹೊಡೆಯುತ್ತಿತ್ತು. ಅವನು ಮತ್ತೆ ಇಳಿದು ತಳ್ಳತೊಡಗಿದ. ನನಗೆ ತಡೆಯಲಾಗಲಿಲ್ಲ.

"ಹತ್ತಲೇ, ಲಾಂಚು ತಪ್ತೈತೆ!"

"ನೀ ಹೋಗಿ ನಿಲ್ಸಿರು. ನಾ ನಡ್ಕೊಂಡು ಬರ್ತೀನಿ."

"ಹಂಗಾದ್ರೆ ನನ್ನ ಗಾಲಿ ನನಗೆ ಕೊಟ್ಟು ನಡಿ."

ಅವನು ನಿಂತ. ಸಿಕ್ಕಿಬಿದ್ದವನ ಮುಖವೇ ಅದು, ನಾನು ಬೆಳಗಿನಿಂದ ಕಾಯುತ್ತಿದ್ದ ಮುಖ.

"ಗೊತ್ತಾತಾ? ಊರಿಗೆ ಹೋದ್ಮ್ಯಾಲೆ ಹೇಳಾಣ ಅಂತಿದ್ದೆ" ಎಂದ. "ನಿನ್ನ ಹೊಸ ಹಬ್ಬು ಬಿರುಕು ಬಿಟ್ಟೈತೆ ಲೇ. ಬೆಳಿಗ್ಗೆ ಗಾಲಿ ಕೂಡಿಸ್ವಾಗ ಕಂಡೆ. ಇಳಿಜಾರಲ್ಲಿ ಒಡೆದ್ರೆ ನೀ ಮುಖ ಅಡಿ ಬೀಳ್ತಿದ್ದೆ. ಹೇಳಿದ್ರೆ ಹೆದರ್ಕೊಂಡು ಅಲ್ಲಿಂದ್ಲೇ ವಾಪಸ್ ಬಸ್ ಹತ್ತೋನು ನೀನು. ಅದ್ಕೇ ನನ್ನದು ಹಾಕಿದೆ." ಕೂತು, ಉಗುರಿನಿಂದ ತೋರಿಸಿದ. ಗ್ರೀಸು, ಧೂಳು ತುಂಬಿ ಕಪ್ಪಾದ ಸಣ್ಣ ಗೆರೆ. ನನ್ನದೇ ಕೈಗೆಲಸ.

ಸುಮ್ಮನಿದ್ದುಬಿಡಬಹುದಿತ್ತು. ಬಿರುಕು ಎಂದೇ ಅವನು ನಂಬಿಕೊಂಡಿರುತ್ತಿದ್ದ. ಆದರೆ ಅವನು ಆ ಗಾಲಿಯನ್ನು ಹಿಡಿದುಕೊಂಡು ಮತ್ತೆ ಇಳಿಯತೊಡಗಿದ್ದ, ಒಂದೊಂದೇ ಹೆಜ್ಜೆ, ಅದು ಎಲ್ಲಿ ಒಡೆಯುತ್ತದೋ ಎಂಬಂತೆ.

"ಅದು ಬಿರುಕಲ್ಲ. ನಾನೇ ಕೊಯ್ದಿದ್ದು" ಎಂದೆ.

"ಯಾಕೆ?"

ಅವನು ಹೆಬ್ಬೆರಳಿಗೆ ಉಗುಳು ಹಚ್ಚಿ ಗೆರೆಯನ್ನು ತಿಕ್ಕಿದ. ಬ್ಲೇಡು ಆಡಿದ ಜಾಗ ನೇರವಾಗಿ ಹೊಳೆಯಿತು. ಮೆಕ್ಯಾನಿಕ್ಕಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

"ಗುರುತಾ?"

"ಹೂಂ."

"ನನ್ನ ಅಂಗಡೀಲಿ ಬಿಡ್ತೀಯಲ್ಲ, ಅದ್ಕಾ?"

ಹೌದೆಂದು ತಲೆ ಆಡಿಸಿದೆ. ಅವನು ಬೈಯಲಿಲ್ಲ. ರಸ್ತೆಯ ಬದಿಯಲ್ಲೇ ಪಾನಾ ತೆಗೆದು ಎರಡೂ ಗಾಲಿ ಬಿಚ್ಚಿ, ನನ್ನದನ್ನು ನನ್ನದಕ್ಕೆ, ತನ್ನದನ್ನು ತನ್ನದಕ್ಕೆ ಹಾಕಿದ. ಆಮೇಲೆ ಸೈಕಲ್ ಹತ್ತಿ ಬ್ರೇಕು ಹಿಡಿಯದೆ ದಡದವರೆಗೂ ಇಳಿದುಹೋದ. ಲಾಂಚಿನಲ್ಲಿ ಆ ತುದಿಗೆ ನಿಂತು ನೀರು ನೋಡಿದ.

ಅಂಗಡಿಗೆ ಹೋಗುವುದನ್ನು ನಾನು ಬಿಡಲಿಲ್ಲ, ಅವನೂ ಬೇಡವೆನ್ನಲಿಲ್ಲ. ಆದರೆ ನಾನು ಕೂರುತ್ತಿದ್ದ ಕಲ್ಲು ಖಾಲಿ ಉಳಿಯಿತು. ಅವತ್ತಿನಿಂದ ನನ್ನ ಸೈಕಲ್ಲಿಗೆ ಪಾನಾ ಹಚ್ಚುವ ಮೊದಲು ಅವನು ಒಳಗಿನಿಂದ ಒಂದು ಸ್ಟೂಲು ತಂದು ಗಾಲಿಯ ಎದುರಿಗೇ ಹಾಕುತ್ತಿದ್ದ. ಬಟ್ಟೆಯಿಂದ ಅದರ ಧೂಳು ಒರೆಸಿ ಹೇಳುತ್ತಿದ್ದ: "ಕೂತ್ಕೊಳ್ಳಪ್ಪ. ಮುಗಿಯೋವರೆಗೂ ನೋಡ್ತಾ ಇರು."