ಪ್ರಾರ್ಥನೆ ಹಾಡಿದವಳ ಪ್ರಶ್ನೆ

ಹುಣಸೂರು ಕಡೆಯ ಸಣ್ಣ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರದ ಮೇಷ್ಟ್ರು. ನಮ್ಮ ವಿಶ್ವವಿದ್ಯಾಲಯ ಹೊರದೇಶದ ವಿಶ್ವವಿದ್ಯಾಲಯವೊಂದರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಒಂದು ಆನ್‌ಲೈನ್ ಉಪನ್ಯಾಸ ನಮ್ಮ ಪಾಲಿಗೂ ಬಂತು. ಮಾತಾಡುವವರು ವಯಸ್ಸಾದ ಪ್ರಾಧ್ಯಾಪಕರು. ಹಿಂದೊಮ್ಮೆ ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟಿನವರ ಹಾಡಿಗಳಲ್ಲಿ ಓಡಾಡಿ, ಅಲ್ಲಿನವರು ಹಾಡುವ ಪದಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋದವರು.

ಸುದ್ದಿ ತಿಳಿದ ದಿನವೇ, ಅಂಥದ್ದೊಂದು ಹಾಡಿಯಿಂದ ಎರಡು ಬಸ್ಸು ಬದಲಿಸಿ ಬರುವ ವಿದ್ಯಾರ್ಥಿನಿ ನನ್ನ ಹತ್ತಿರ ಬಂದಳು.

“ಸಾ, ನಮ್ಮಜ್ಜಿ ಪದಾನೂ ಅವ್ರು ಟೇಪ್ ಮಾಡ್ಕೊಂಡೋಗವ್ರೆ. ಅಜ್ಜಿ ಈಗಿಲ್ಲ. ಆ ಟೇಪು ಇನ್ನೂ ಅವ್ರತ್ರ ಅದಾ ಅಂತ ಕೇಳ್ಬೋದಾ?”

“ಕೇಳಮ್ಮ, ಕೊನೇಲಿ ಮೊದಲ್ನೇ ಪ್ರಶ್ನೆ ನಿಂದೇ,” ಎಂದೆ. ಅಜ್ಜಿಯದೊಂದು ಫೋಟೊ ಕೂಡ ಅವರ ಮನೆಯಲ್ಲಿಲ್ಲವಂತೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ವಾರವಿಡೀ ಅದನ್ನೇ ಉರು ಹೊಡೆದಳು.

ನಮ್ಮಲ್ಲಿ ಅತಿಥಿ ಪರದೆಯ ಮೇಲಿದ್ದರೂ ಸಭೆಗೆ ಸಭೆಯ ಕಟ್ಟಳೆ ನಡೆಯಲೇಬೇಕು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ. ಇರುವುದೇ ಒಂದು ಗಂಟೆ ಎಂದು ನಾನು ಗೊಣಗಿದ್ದಕ್ಕೆ ಪ್ರಾಂಶುಪಾಲರು, “ಹೊರದೇಶದೋರು ಕಣ್ರೀ, ಮರ್ಯಾದೆ ಬ್ಯಾಡ್ವಾ?” ಎಂದರು. ನಿರೂಪಣೆಯೂ ವಂದನಾರ್ಪಣೆಯೂ ನನ್ನ ತಲೆಗೇ ಬಂದವು. ಚೆನ್ನಾಗಿ ಹಾಡುತ್ತಾಳೆಂದು ಪ್ರಾರ್ಥನೆಗೆ ಅವಳನ್ನೇ ನಿಲ್ಲಿಸಿದೆ.

ಲ್ಯಾಪ್‌ಟಾಪಿಗೆ ಶಾಲು ಹೊದಿಸಿ ಸನ್ಮಾನ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಆ ಹಿರಿಯರು, ಪಾಪ, ಕೈಮುಗಿದುಕೊಂಡೇ ಕೂತಿದ್ದರು. ಕೊನೆಗೂ ಮಾತು ಶುರು ಮಾಡಿ, ತಾವು ಓಡಾಡಿದ ಹಾಡಿಗಳ ಹೆಸರು ಹೇಳುವಾಗ ಅವಳು ಚೀಟಿ ಹಿಡಿದು ಎದ್ದೇ ನಿಂತಳು. ಅವರು ಮಾತು ನಿಲ್ಲಿಸಿದ ಕೂಡಲೇ ಮೈಕ್ ತೆಗೆದುಕೊಂಡು ಅವಳತ್ತ ಹೊರಟೆ. ಇನ್ನೊಂದು ತರಗತಿಗೆ ಹೊತ್ತಾಯಿತು, ಕ್ಷಮಿಸಿ ಎಂದರು ಅವರು. ಪ್ರಾಂಶುಪಾಲರು ವಂದನಾರ್ಪಣೆ ಮಾಡಿ ಎಂದು ನನಗೆ ಕೈಸನ್ನೆ ಮಾಡಿದರು. ಅರ್ಧ ದಾರಿಯಿಂದಲೇ ಮೈಕ್ ಹಿಡಿದು ವೇದಿಕೆಗೆ ಮರಳಿದೆ. ಥೂ, ನನ್ನ ಮೇಲೆ ನನಗೇ ಅಸಹ್ಯ. ಪಟ್ಟಿಯಲ್ಲಿದ್ದವರಿಗೆಲ್ಲ ವಂದಿಸಿದೆ, ಪ್ರಾರ್ಥನೆ ಹಾಡಿದ ಅವಳಿಗೂ. ತಲೆಯೆತ್ತಿದಾಗ ಪರದೆಯಲ್ಲಿ ನಮ್ಮದೇ ಮುಖಗಳಿದ್ದವು.

ಆ ತಿಂಗಳೇ ಅವರು ನಿವೃತ್ತರಾದರಂತೆ. ನನ್ನ ಮೂರು ಮೇಲ್‌ಗೂ ಉತ್ತರ ಬರಲಿಲ್ಲ. ಅವರ ವಿಭಾಗಕ್ಕೆ ಬರೆದರೆ, ಟೇಪುಗಳ ವಿಷಯ ತಮಗೆ ಗೊತ್ತಿಲ್ಲ ಎಂದರು. ಅವಳಿಗೆ ಹೇಳಿದೆ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಮೊದ್ಲು ಮೈಕು ನನ್ ಕೈಲೇ ಇತ್ತಲ್ಲಾ ಸಾ,” ಎಂದಳು. “ಪ್ರಾರ್ಥ್ನೆ ಬುಟ್ಟು ಅದ್ನೇ ಕೇಳ್ಬುಡ್ಬೇಕಿತ್ತು.”