ಡೆಲ್‌ನ ಕಾಲು, ನನ್ನ ಹಿಮ್ಮಡಿ

ಡೆಲ್ ಫ್ರೀಸನ್‌ನಷ್ಟು ಕಡಿಮೆ ಮಾತಾಡಿ ಅವನಷ್ಟು ಸದ್ದು ಮಾಡಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹಗಲು ಬ್ರ್ಯಾಂಡನ್ ಊರಿನ ಟ್ರ್ಯಾಕ್ಟರ್ ಟೈರಿನ ಅಂಗಡಿಯಲ್ಲಿ ಕೆಲಸ, ಸಂಜೆ ನಮ್ಮ ಬ್ಯಾಂಡಿನ ಡ್ರಮ್ಮು. ಮನೆಯವರು ಹಳೇ ಕಾಲದ ಮೆನೊನೈಟ್ ಪಂಥದ ಕ್ರೈಸ್ತರು. ಅವರ ಚರ್ಚಿನಲ್ಲಿ ವಾದ್ಯ ಮುಟ್ಟುವಂತಿಲ್ಲ, ಬರೀ ಕಂಠ. ಅವನಮ್ಮ ಹಾಡುವಾಗ ಅಡುಗೆಮನೆಯ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಆ ಬೆರಳೇ ಮಗನನ್ನು ಕೆಡಿಸಿತು ಎಂದು ಅವನಪ್ಪ ಸಾಯುವ ತನಕ ಬೈದ.

ಬ್ಯಾಂಡಿನ ಹೆಸರು 'ಲೇಟ್ ಥಾ', ತಡವಾಗಿ ಕರಗುವ ಹಿಮ. ನಮ್ಮದು ಮೆಟಲ್‌ಕೋರ್: ಗಂಟಲು ಹರಿಯುವ ಕೂಗು, ಗುಡುಗುವ ಗಿಟಾರು, ಏಳಕ್ಕೊಮ್ಮೆ ಐದಕ್ಕೊಮ್ಮೆ ಮುರಿದು ಹೊರಳುವ ತಾಳ. ನಿಮ್ಮ ಹಾಡಿಗೆ ಹಿಮವಲ್ಲ, ಕಿವಿ ಕರಗುತ್ತದೆ ಎಂದು ಊರಿನವರು ಹಂಗಿಸುತ್ತಿದ್ದರು. ಹಂಗಿಸಲಿ. ಒಂದೇ ವ್ಯಾನಿನಲ್ಲಿ ಸುತ್ತಿ ಸುತ್ತಿ ಮೂರು ಆಲ್ಬಂ ಮಾಡಿದೆವು, ಯಾರ ಮನೆಯ ಗಂಟೂ ತಿನ್ನಲಿಲ್ಲ.

ಇಂಥ ತಾಳಕ್ಕೆ ಒಂದು ಊರುಗೋಲು ಬೇಕು. ಲ್ಯಾಪ್‌ಟಾಪಿನಿಂದ ಡೆಲ್‌ನ ಕಿವಿಗೂ, ಗಿಟಾರು ನುಡಿಸುತ್ತ ಹಾಡುವ ಟಾರಸ್‌ನ ಕಿವಿಗೂ ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತದೆ. ಕ್ಲಿಕ್ ಅಂತೀವಿ. ಬಾಸ್ ಗಿಟಾರು ನುಡಿಸುವ ನನಗೆ ಆ ಟಿಕ್ ಟಿಕ್ ಹಲ್ಲುನೋವಿದ್ದ ಹಾಗೆ, ಹಾಗಾಗಿ ನಾನು ಕಿವಿಗೆ ಏನನ್ನೂ ಸಿಕ್ಕಿಸುವುದಿಲ್ಲ. ಡೆಲ್‌ನ ದೊಡ್ಡ ಡ್ರಮ್ಮಿನ ಕಾಲು ನೋಡುತ್ತೇನೆ, ಹಿಮ್ಮಡಿ ಕುಟ್ಟುತ್ತೇನೆ. ಲಾಯದಲ್ಲಿ ನಿಂತ ಕುದುರೆಯ ಹಾಗೆ ಕುಟ್ಟಬೇಡ ಕಣೇ ಮಾರ್ಲೀಸ್ ಎಂದು ಟಾರಸ್ ಯಾವಾಗಲೂ ರೇಗುತ್ತಿದ್ದ. ನಾನೇನು ಬಿಡಲಿಲ್ಲ.

ಕಳೆದ ವರ್ಷ ಡೆಲ್ ತಾಳ ತಪ್ಪತೊಡಗಿದ. ಎಲ್ಲ ಕಡೆಯೂ ಅಲ್ಲ. ಟಾರಸ್ ತನ್ನ ಮುದ್ದಿನ ಹೊಗೆಯಂತ್ರ ಹಚ್ಚಿ ವೇದಿಕೆಯೆಲ್ಲ ಮಂಜು ಮಾಡಿದಾಗ ಮಾತ್ರ. ಅದೇ ಹೊತ್ತಿಗೆ ಡೆಲ್ ನನಗೆ ತನ್ನ ಎದುರಿಗೇ ನಿಲ್ಲು ಎಂದ. ಯಾಕೋ ಅಂದರೆ, ಗಾಳಿ ಬರುತ್ತೆ ಅಂದ. ಏನು ಗಾಳಿಯೋ!

ಥಂಡರ್ ಬೇ ಊರಿಗೆ ಕಾರ್ಯಕ್ರಮಕ್ಕೆ ಹೊರಟ ದಿನ ಟಾರಸ್ ವ್ಯಾನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. "ಡೆಲ್, ಇವತ್ತು ತಪ್ಪಿದ್ರೆ ಮುಗೀತು. ಕ್ಯಾಲ್ಗರಿಯಲ್ಲಿ ಬೇರೆಯವನನ್ನ ನೋಡಿಟ್ಟಿದೀನಿ."

ಡೆಲ್ ಕಿಟಕಿಯ ಕಡೆ ತಿರುಗಿದ. ಆ ಡ್ರಮ್ಮು ಬಿಟ್ಟರೆ ಅವನಿಗೆ ಉಳಿಯುವುದು ಟೈರು ಮಾತ್ರ. ನಡುವೆ ಡ್ರೈಡನ್ ಊರಿನ ಹತ್ತಿರ ಹಿಮ ಬಿದ್ದು ದಾರಿ ಮುಚ್ಚಿದ್ದರು. ಅದು ತೆರೆಯುವ ತನಕ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು.

ತಲುಪಿದಾಗ ಜನ ಆಗಲೇ ಸೇರಿದ್ದರು. ಚಳಿಯಿಂದ ಒಳಗೆ ತಂದ ಪೆಟ್ಟಿಗೆಯನ್ನು ಬೆಚ್ಚಗಾಗುವ ತನಕ ತೆರೆಯಬಾರದು, ಒಳಗಿನದಕ್ಕೆ ನೀರಿಳಿದು ಕೆಡುತ್ತದೆ, ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವಸರದಲ್ಲಿ ಟಾರಸ್ ಲ್ಯಾಪ್‌ಟಾಪ್ ತೆಗೆದೇಬಿಟ್ಟ. ಪರದೆಯ ಮೇಲೆ ಬೆವರು ಇಳಿಯಿತು. ಅಂಗಿಯ ತೋಳಲ್ಲಿ ಒರೆಸಿ ಶುರು ಮಾಡಿದ. ಆ ಸಭಾಂಗಣದಲ್ಲಿ ಹೊಗೆಗೆ ಅನುಮತಿ ಇರಲಿಲ್ಲ, ನನ್ನ ಪುಣ್ಯ.

ಅತಿ ಉದ್ದದ ಹಾಡಿನ ನಡುವೆ, ಏಳರಿಂದ ಐದಕ್ಕೆ ಹೊರಳುವ ಜಾಗದಲ್ಲೇ, ಟಾರಸ್‌ನ ಕೈ ನಿಂತಿತು. ಮುಖ ಸುಣ್ಣವಾಯಿತು. ಲ್ಯಾಪ್‌ಟಾಪ್ ಕಪ್ಪಾಗಿತ್ತು. ಕ್ಲಿಕ್ ಇಲ್ಲ ಎಂದು ಅವನ ಕಣ್ಣೇ ಕೂಗುತ್ತಿತ್ತು. ನಾನು ಡೆಲ್‌ನ ಕಾಲಿನಿಂದ ಕಣ್ಣು ಕೀಳಲಿಲ್ಲ. ಆ ಕಾಲು ಒಂದಿಷ್ಟೂ ತಡವರಿಸಲಿಲ್ಲ. ಐದು, ಏಳು, ಮತ್ತೆ ಐದು. ಟಾರಸ್ ಹೇಗೋ ತಡಕಾಡಿ ಬಂದು ಕೂಡಿಕೊಂಡ. ಹಾಡು ದಡ ಸೇರಿತು. ಜನ ಕೂಗಿದ್ದೇ ಕೂಗಿದ್ದು.

ವೇದಿಕೆಯ ಹಿಂದೆ ಟಾರಸ್ ಡೆಲ್‌ನನ್ನು ತಬ್ಬಿಕೊಂಡ. "ಕ್ಲಿಕ್ ನಿಂತಾಗ ನಾನು ಸತ್ತೆ ಅಂದ್ಕೊಂಡೆ. ನೀನು ಹೇಗೋ ತಡಕೊಂಡೆ?"

ಡೆಲ್ ಅವನ ಬಾಯಿಯನ್ನೇ ನೋಡುತ್ತ ಕೇಳಿದ, "ಯಾವಾಗ ನಿಂತಿತು?"

ಬಾಯಿಂದ ಬಿದ್ದದ್ದು ಏನೆಂದು ಅವನಿಗೂ ಹೊಳೆಯಿತು. ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಮಾತು ಕೇಳುತ್ತದಂತೆ, ಸಣ್ಣ ಸದ್ದು ಹೋದ ಚಳಿಗಾಲದಿಂದ ಕೇಳುವುದಿಲ್ಲವಂತೆ, ಕಿವಿಯೊಳಗೆ ಬರೀ ಶಿಳ್ಳೆಯಂತೆ.

"ಮತ್ತೆ ಇಷ್ಟು ದಿನ?" ಎಂದ ಟಾರಸ್.

ಡೆಲ್ ನನ್ನ ಬೂಟು ತೋರಿಸಿದ. "ಮಾರ್ಲೀಸ್‌ಳ ಹಿಮ್ಮಡಿ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಅಯ್ಯೋ ಮಂಗಾ, ನಾನು ನಿನ್ನ ಕಾಲು ನೋಡ್ಕೊಂಡು ಕುಟ್ತಾ ಇದ್ದೆ ಕಣೋ."

ಕುರುಡನ ಕೈ ಕುರುಡ ಹಿಡಿದು ಬಾವಿಯ ಅಂಚಿನಲ್ಲಿ ನಡೆದಿದ್ದೆವು. ಟಾರಸ್ ನಮ್ಮಿಬ್ಬರನ್ನೂ ನೋಡಿದ. ವ್ಯಾನಿಗೆ ಸಾಮಾನು ತುಂಬುವಾಗ ಹೊಗೆಯಂತ್ರವನ್ನು ಅಲ್ಲೇ ಗೋಡೆಗೆ ಒರಗಿಸಿ ಬಂದ. ಕ್ಯಾಲ್ಗರಿಯ ಹೆಸರು ಮತ್ತೆ ಬರಲಿಲ್ಲ.

ಮುಂದಿನ ಊರಿನಲ್ಲಿ ವೇದಿಕೆಯ ದೀಪ ಬಂತು, ಹಾಡು ಶುರುವಾಗಲಿಲ್ಲ. ಡೆಲ್ ನನ್ನ ಹಿಮ್ಮಡಿ ನೋಡುತ್ತಿದ್ದ, ನಾನು ಅವನ ಕಾಲು. ಗುಟ್ಟು ಗೊತ್ತಾದ ಮೇಲೆ ಮೊದಲ ಪೆಟ್ಟು ಇಡುವ ಧೈರ್ಯ ಇಬ್ಬರಿಗೂ ಇಲ್ಲ. ಜನ ಶಿಳ್ಳೆ ಹಾಕತೊಡಗಿದರು. ಆಗ ಡೆಲ್ ಕೋಲುಗಳನ್ನು ತೊಡೆಯ ಮೇಲಿಟ್ಟ. ಕಣ್ಣು ಮುಚ್ಚಿ, ಡ್ರಮ್ಮಿನ ಅಂಚಿನ ಮೇಲೆ ಒಂದೇ ಬೆರಳಿನಿಂದ ಮೆಲ್ಲಗೆ ಎಣಿಸಿದ, ಅಡುಗೆಮನೆಯ ಮೇಜಿನ ಮೇಲೆ ಅವನಮ್ಮ ಎಣಿಸುತ್ತಿದ್ದಂತೆ. ಆ ಬೆರಳಿಗೆ ನಾನು ಹಿಮ್ಮಡಿ ಇಟ್ಟೆ.